ಡರ್ಟಿ ಬಾಂಬ್ ಎಂಬ ಖಾಲಿ ಪೆಟ್ಟಿಗೆ

ಪೀಣ್ಯದ ವೆಲ್ಡರುಗಳು ನಮ್ಮನ್ನು ‘ಫೋಟೋದವರು’ ಎಂದು ಕರೆಯುತ್ತಿದ್ದರು. ತಪ್ಪೇನಲ್ಲ. ಅವರು ಉಕ್ಕಿನ ಎರಡು ಹಾಳೆಗಳನ್ನು ಬೆಸೆದ ಮೇಲೆ ಆ ಬೆಸುಗೆಯ ಒಳಗೆಲ್ಲಾದರೂ ಬಿರುಕಿದೆಯೇ, ಗಾಳಿಗುಳ್ಳೆ ಕೂತಿದೆಯೇ ಎಂದು ನೋಡುವುದು ನಮ್ಮ ಕೆಲಸ. ಆಸ್ಪತ್ರೆಯಲ್ಲಿ ಎದೆಯ ಫೋಟೋ ತೆಗೆದ ಹಾಗೆ ನಾವು ಬಾಯ್ಲರಿನ ಫೋಟೋ ತೆಗೆಯುತ್ತೇವೆ. ವ್ಯತ್ಯಾಸವೆಂದರೆ, ಅಲ್ಲಿ ರೋಗಿ ಉಸಿರು ಬಿಗಿಹಿಡಿಯಬೇಕು. ಇಲ್ಲಿ ಬಾಯ್ಲರು ಆರಾಮಾಗಿರುತ್ತದೆ, ಉಸಿರು ಬಿಗಿಹಿಡಿಯುವವರು ನಾವು.

ಈ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ಹುಡುಗ ಹುಡುಗಿಯರಿಗೆಂದು ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವಾಗ ಸಿಗಲಿಲ್ಲ ಎಂಬುದು ನನ್ನ ಮನೆಯವಳಿಗೂ ಈಗ ನೆನಪಿಲ್ಲ. ನಿಮಗಂತೂ ಬೇಡವೇ ಬೇಡ. ತರಬೇತಿಯಲ್ಲಿ ನಿಮಗೆ ವಿಕಿರಣದ ಬಗ್ಗೆ ಬೇಕಾದಷ್ಟು ಹೇಳಿಕೊಡುತ್ತಾರೆ, ಪರೀಕ್ಷೆಯನ್ನೂ ಮಾಡುತ್ತಾರೆ. ಆದರೆ ಆ ಮಾತು ಕಿವಿಗೆ ಬಿದ್ದಾಗ ಜನ ಏನಾಗುತ್ತಾರೆ ಎಂಬುದಕ್ಕೆ ಪಾಠವಿಲ್ಲ. ಅದನ್ನು ನಾನು ಒಂದು ವಠಾರದ ನಲ್ಲಿಯ ಮುಂದೆ ನಿಂತು ಕಲಿತೆ. ಅಲ್ಲಿ ಕಂಡದ್ದು ಇವತ್ತಿಗೂ ನನ್ನನ್ನು ಸ್ವಲ್ಪ ಅಲುಗಾಡಿಸುತ್ತದೆ. ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಕಣ್ಣಾರೆ ಕಂಡದ್ದನ್ನು ಕಂಡದ್ದೆಂದೂ, ಬೇರೆಯವರು ಹೇಳಿದ್ದನ್ನು ಕೇಳಿದ್ದೆಂದೂ ಬೇರೆ ಬೇರೆ ಇಡುತ್ತೇನೆ.

ಮೊದಲು ನಮ್ಮ ಸಾಮಾನು. ನಾವು ಕ್ಯಾಮೆರಾ ಎನ್ನುವುದು ನಿಜವಾಗಿ ಒಂದು ಪೆಟ್ಟಿಗೆ. ಅಜಾಗರೂಕತೆಯಿಂದ ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಅದರೊಳಗೆ ಇರಿಡಿಯಂ ಎಂಬ ಲೋಹದ ಪುಟ್ಟ ಗುಳಿಗೆ, ಸ್ಟೀಲಿನ ಕವಚದಲ್ಲಿ ಭದ್ರವಾಗಿ ಮುಚ್ಚಿದ್ದು. ಅದು ಸದಾ ಕಿರಣ ಸೂಸುತ್ತಿರುತ್ತದೆ. ಒಳಗಿದ್ದಾಗ ಪೆಟ್ಟಿಗೆಯ ದಪ್ಪ ಗೋಡೆ ಕಿರಣವನ್ನು ತಡೆಯುತ್ತದೆ. ಕೆಲಸದ ಹೊತ್ತಿನಲ್ಲಿ ನಾವು ದೂರ ನಿಂತು ಹಿಡಿಕೆ ತಿರುಗಿಸಿ, ಕೇಬಲ್ಲಿನ ತುದಿಯಲ್ಲಿ ಗುಳಿಗೆಯನ್ನು ಬೆಸುಗೆಯ ಬಳಿಗೆ ಕಳಿಸುತ್ತೇವೆ. ಆಚೆ ಬದಿಗೆ ಅಂಟಿಸಿದ ಫಿಲ್ಮಿನ ಮೇಲೆ ಬೆಸುಗೆಯ ಒಳಗು ಮೂಡುತ್ತದೆ. ಆಮೇಲೆ ಗುಳಿಗೆಯನ್ನು ಹಿಂದಕ್ಕೆ ಸುತ್ತಿಕೊಳ್ಳುತ್ತೇವೆ. ಅಷ್ಟು ಹೊತ್ತು ಸುತ್ತಲೂ ಹಗ್ಗ, ಕೆಂಪು ದೀಪ ಮತ್ತು ಯಾರೂ ಓದದ ಒಂದು ಹಳದಿ ಫಲಕ.

ಓದುತ್ತಿರಲಿಲ್ಲ ಎಂದು ಸುಮ್ಮನೆ ಹೇಳುತ್ತಿಲ್ಲ. ಪೀಣ್ಯದ ಒಂದು ಶೆಡ್ಡಿನಲ್ಲಿ ನಾವು ಹಗ್ಗ ಕಟ್ಟಿ, ಉಪಕರಣ ಜೋಡಿಸಿ ತಿರುಗಿ ನೋಡುವಷ್ಟರಲ್ಲಿ ಅಲ್ಲಿನ ವಾಚ್‌ಮನ್ ತನ್ನ ಒದ್ದೆ ಲುಂಗಿಯನ್ನು ಹಗ್ಗದ ಮೇಲೆ ಹರವಿಬಿಟ್ಟಿದ್ದ. “ಅಣ್ಣ, ಇದು ಡೇಂಜರ್ ಹಗ್ಗ” ಎಂದೆ. “ಗೊತ್ತು ಸಾರ್, ಅದಕ್ಕೇ ಯಾರೂ ಕದಿಯಲ್ಲ” ಎಂದ. ಆ ಕಾಲದಲ್ಲಿ ನಮ್ಮ ಕಷ್ಟ ಇದೇ: ಯಾರಿಗೂ ಹೆದರಿಕೆಯೇ ಇರಲಿಲ್ಲ. ಹೆದರಿಸಿ ಹೆದರಿಸಿ ನಮ್ಮ ಗಂಟಲು ಹೋಗುತ್ತಿತ್ತು.

ಹೆದರಿಕೆ ಬಂದದ್ದು ಆಮೇಲೆ, ಇಂಗ್ಲಿಷಿನ ಎರಡು ಪದಗಳಾಗಿ.

ಎರಡು ಸಾವಿರನೇ ಇಸವಿಯ ನಂತರದ ಮೊದಲ ವರ್ಷಗಳಲ್ಲಿ ಪತ್ರಿಕೆಗಳ ವಿದೇಶಿ ಸುದ್ದಿಯ ಪುಟದಲ್ಲಿ ‘ಡರ್ಟಿ ಬಾಂಬ್’ ಎಂಬ ಮಾತು ಕಾಣಿಸಿಕೊಳ್ಳತೊಡಗಿತು. ಒಂದು ಕನ್ನಡ ಪತ್ರಿಕೆ ಅದನ್ನು ‘ಕೊಳಕು ಬಾಂಬ್’ ಎಂದು ಬರೆದಿತ್ತು. ಇನ್ನೊಂದು ‘ಮಲಿನ ಬಾಂಬ್’ ಎಂದಿತ್ತು. ನಮ್ಮ ಕ್ಯಾಂಟೀನಿನಲ್ಲಿ ಯಾರೋ “ಹಂಗಾದ್ರೆ ತೊಳೆದಿರೋ ಬಾಂಬ್ ಬೇರೆ ಇರ್ತದಾ?” ಎಂದು ಕೇಳಿದರು. ಉತ್ತರ ಹೇಳಿದವರು ನಮ್ಮ ಮೇಲಧಿಕಾರಿ ಡೆನ್ಜಿಲ್ ಸಾರ್. ವೈಟ್‌ಫೀಲ್ಡಿನ ಹಳೆಯ ಆಂಗ್ಲೋ ಇಂಡಿಯನ್ ಮನೆಯವರು. ಇಂಗ್ಲಿಷಿನಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಮಾಡುವ ಮನುಷ್ಯ.

“ನೋಡ್ ಮ್ಯಾನ್” ಎಂದರು, “ಇದು ಅಣುಬಾಂಬ್ ಅಲ್ಲ. ಅಣು ಒಡೆಯೋದು, ಊರು ಸುಟ್ಟು ಹೋಗೋದು, ಅದೆಲ್ಲ ಇಲ್ಲ. ಇದು ಮಾಮೂಲಿ ಬಾಂಬ್. ಜೊತೆಗೆ ರೇಡಿಯೋಆಕ್ಟಿವ್ ಪದಾರ್ಥ ಸೇರ್ಸಿ ಸುತ್ತ ಚೆಲ್ಲಾಡೋ ಹಾಗೆ ಮಾಡಿರ್ತಾರೆ. ನಿಮ್ಮ ಅಡುಗೆಮನೇಲಿ ಖಾರದ ಪುಡಿ ಡಬ್ಬಿ ಇರತ್ತಲ್ಲ? ಮುಚ್ಚಿದ್ರೆ ಯಾರಿಗೂ ಏನೂ ಇಲ್ಲ. ಅದೇ ಡಬ್ಬಿ ಫ್ಯಾನ್ ಕೆಳಗೆ ಒಡೆದು ಹೋದ್ರೆ? ಎಲ್ರೂ ಕೆಮ್ಮಿ ಆಚೆ ಓಡ್ತಾರೆ. ಆಮೇಲೆ ಮೂಲೆ ಮೂಲೆ ತೊಳೀಬೇಕು. ಆ ಕೊಳೆಗೇ ಡರ್ಟಿ ಅನ್ನೋದು.”

ಅದರ ಶಾಸ್ತ್ರೀಯ ಹೆಸರು ರೇಡಿಯಲಾಜಿಕಲ್ ಡಿಸ್ಪರ್ಸಲ್ ಡಿವೈಸ್. ಅಷ್ಟು ಉದ್ದದ ಹೆಸರಿನಿಂದ ಯಾರನ್ನೂ ಹೆದರಿಸಲಾಗದು. ಹೇಳಿ ಮುಗಿಸುವಷ್ಟರಲ್ಲಿ ಕೇಳುವವನು ಬಸ್ ಹತ್ತಿರುತ್ತಾನೆ. ಡೆನ್ಜಿಲ್ ಸಾರ್ ಇನ್ನೊಂದು ಮಾತನ್ನೂ ಹೇಳಿದರು. ಇಂಥದ್ದು ಸಿಡಿದರೆ ಹತ್ತಿರ ನಿಂತವರಿಗೆ ಪೆಟ್ಟಾಗುವುದು ಬಹುಮಟ್ಟಿಗೆ ಸಿಡಿತದಿಂದಲೇ. ಕಿರಣದ ಪುಡಿ ಬಿದ್ದ ಜಾಗವನ್ನು ಕಷ್ಟಪಟ್ಟು ತೊಳೆಯಬೇಕು. ಆದರೆ ಅದರ ದೊಡ್ಡ ಕೆಲಸ ಜನರ ತಲೆಯೊಳಗೆ. “ಭಯ ಮ್ಯಾನ್, ಭಯ. ಅದನ್ನ ಯಾವ ಸೋಪಲ್ಲಿ ತೊಳೀತೀರಾ?” ಎಂದರು. ಅವತ್ತು ನಾವು ನಕ್ಕೆವು.

ಮುಂದಿನ ಕೆಲವು ವರ್ಷಗಳಲ್ಲಿ ಆ ಮಾತು ಊರಿಗೆಲ್ಲ ಹಬ್ಬಿತು. ಅದನ್ನು ನಾನು ಸೈಟಿನಿಂದ ಸೈಟಿಗೆ ಹೋಗುತ್ತಾ ಕೇಳಿಸಿಕೊಂಡೆ. ವೈಟ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮಹಡಿಯವರು ಕಸದ ಚೀಲವನ್ನು ಬಾಲ್ಕನಿಯಿಂದ ಕೆಳಕ್ಕೆ ಬಿಡುತ್ತಿದ್ದರಂತೆ. ಕೆಳಗಿನವರು ಸಭೆ ಕರೆದು ಅದಕ್ಕೆ ಇಟ್ಟ ಹೆಸರು ಡರ್ಟಿ ಬಾಂಬ್. ನಮ್ಮ ಡ್ರೈವರ್ ಹೊಗೆ ಉಗುಳುವ ಆಟೋದ ಹಿಂದೆ ಸಿಕ್ಕಿಕೊಂಡರೆ “ಡರ್ಟಿ ಬಾಂಬ್ ಮುಂದೆ ಹೋಗ್ತಾ ಐತೆ ಸಾರ್” ಎನ್ನುತ್ತಿದ್ದ. ಕ್ಯಾಂಟೀನಿನ ಮೂಲಂಗಿ ಸಾಂಬಾರಿಗೂ ಅದೇ ಹೆಸರು ಬಿತ್ತು. ಹೀಗೆ ದಿನಬಳಕೆಯಲ್ಲಿ ಅದೊಂದು ತಮಾಷೆಯ ಮಾತಾಗಿತ್ತು, ಹುಡುಗರು ಗೆಳೆಯನ ಸಾಕ್ಸಿಗೂ ಬಳಸುತ್ತಿದ್ದರು.

ಹೊಸೂರು ರಸ್ತೆಯಲ್ಲಿ ಮಾತ್ರ ಅದು ತಮಾಷೆಯಾಗಿರಲಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಕಡೆ ಹೋಗುವಾಗ ಪೊಲೀಸರು ನಮ್ಮ ಜೀಪು ನಿಲ್ಲಿಸಿ, ಪೆಟ್ಟಿಗೆಯ ಮೇಲಿನ ವಿಕಿರಣದ ಹಳದಿ ಕಪ್ಪು ಚಿಹ್ನೆ ನೋಡಿ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಮೊದಲು ಅದನ್ನು ಫ್ಯಾನಿನ ಗುರುತು ಎಂದುಕೊಂಡು “ಎಷ್ಟು ರೆಕ್ಕೇದು?” ಎಂದು ಕೇಳುತ್ತಿದ್ದ ಅದೇ ಜನ. ಪರವಾನಗಿ ತೋರಿಸಿದರೆ ಬಿಡುತ್ತಿದ್ದರು. ಒಬ್ಬ ಪೇದೆ ಮಾತ್ರ ಪ್ರತಿ ಸಲ, “ಡರ್ಟಿ ಗಿರ್ಟಿ ಏನೂ ಇಲ್ವಲ್ಲ ಸಾರ್?” ಎಂದು ಕೇಳಿಯೇ ಕೈಬೀಸುತ್ತಿದ್ದ.

ಈಗ ಯಮನಪ್ಪನ ವಿಷಯ. ಈ ಬರಹ ಅವನಿಗಾಗಿಯೇ, ಅದಕ್ಕಿಂತ ಹೆಚ್ಚಾಗಿ ಅವನ ಹೆಂಡತಿ ಮಲ್ಲವ್ವನಿಗಾಗಿ.

ಡೆನ್ಜಿಲ್ ಸಾರ್ ನಿವೃತ್ತರಾಗಿ, ಫಿಲ್ಮಿನ ಜಾಗಕ್ಕೆ ನಿಧಾನವಾಗಿ ಕಂಪ್ಯೂಟರು ಬರುತ್ತಿದ್ದ ಕಾಲ. ನಮ್ಮ ಕಚೇರಿ ದೊಡ್ಡನೆಕ್ಕುಂದಿಯ ಕೈಗಾರಿಕಾ ಪ್ರದೇಶದಲ್ಲಿತ್ತು. ವಿಕಿರಣ ಸುರಕ್ಷತೆಯ ಜವಾಬ್ದಾರಿ ನನ್ನದು. ಯಮನಪ್ಪ ಬಾಗಲಕೋಟೆ ಕಡೆಯವನು. ಕಟ್ಟಡದ ಕೆಲಸಕ್ಕೆಂದು ಬಂದು, ನಮ್ಮಲ್ಲಿ ಸಾಮಾನು ಎತ್ತುವ ಆಳಾಗಿ ಸೇರಿ, ತರಬೇತಿ ಮುಗಿಸಿ ಹಿಡಿಕೆ ತಿರುಗಿಸುವ ಮಟ್ಟಕ್ಕೆ ಬಂದಿದ್ದ. ಮೂರು ಬೀದಿ ಆಚೆ ಜಯಮ್ಮ ಎಂಬ ಹೆಂಗಸಿನ ವಠಾರದಲ್ಲಿ ಒಂದು ರೂಮಿನಲ್ಲಿ ಗಂಡ ಹೆಂಡತಿ ಇದ್ದರು. ಮಲ್ಲವ್ವನಿಗೆ ದಿನ ತುಂಬುತ್ತಾ ಬಂದಿತ್ತು. ಚೊಚ್ಚಲ ಬಸಿರು, ಪದ್ಧತಿಯ ಪ್ರಕಾರ ತವರಿಗೆ ಹೋಗಬೇಕಿತ್ತು. ಆದರೆ ಡಾಕ್ಟರು ದೂರದ ಪ್ರಯಾಣ ಕೂಡದೆಂದು ಖಂಡಿತವಾಗಿ ಹೇಳಿದ್ದರು. ಆಸ್ಪತ್ರೆ ನಡೆದು ಹೋಗುವಷ್ಟು ಹತ್ತಿರ. ಆ ರೂಮು ಅವರಿಗೆ ಅಷ್ಟು ಮುಖ್ಯವಾಗಿತ್ತು.

ಅದೇ ವೇಳೆಗೆ ಆಯುಧಪೂಜೆ ಬಂತು.

ಕೈಗಾರಿಕಾ ಪ್ರದೇಶದ ಆಯುಧಪೂಜೆ ನೋಡದವರಿಗೆ ಒಂದು ಮಾತು. ಅಂದು ಲೇತಿಗೆ ಬಾಳೆಕಂದು, ಡ್ರಿಲ್ಲಿಂಗ್ ಮೆಷಿನ್ನಿಗೆ ಚೆಂಡುಹೂವು, ಕಂಪ್ಯೂಟರಿಗೂ ಅರಿಸಿನ ಕುಂಕುಮ. ಗೇಟಿನ ಮುಂದೆ ಬೂದುಗುಂಬಳ ಒಡೆಯುತ್ತದೆ, ಚಕ್ರದ ಕೆಳಗೆ ನಿಂಬೆಹಣ್ಣು ಚಟ್ಟೆನ್ನುತ್ತದೆ, ಎಲ್ಲರ ಕೈಗೂ ಕಡ್ಲೆಪುರಿ. ನಮ್ಮಲ್ಲಿ ಗುಳಿಗೆಯಿದ್ದ ಕ್ಯಾಮೆರಾ ಅದನ್ನಿಡುವ ನೆಲದೊಳಗಿನ ಬೀಗ ಹಾಕಿದ ಗುಂಡಿಯಿಂದ ಹೊರಗೆ ಬರುತ್ತಿರಲಿಲ್ಲ. ಗುಂಡಿಯ ಬಾಗಿಲಿಗೇ ಕುಂಕುಮ. ಆ ವರ್ಷ ಹೊಸ ಗುಳಿಗೆ ತಂದ ಸಾಗಣೆಯ ಪೆಟ್ಟಿಗೆಯೊಂದು ಖಾಲಿಯಾಗಿ ಸ್ಟೋರಿನಲ್ಲಿತ್ತು. ನಾನೇ ಕಿರಣ ಅಳೆಯುವ ಮೀಟರಿನಿಂದ ನೋಡಿ ಖಾಲಿ ಎಂದು ಖಚಿತಪಡಿಸಿ, ಚಿಹ್ನೆಯ ಮೇಲೆ ಬಿಳಿ ಕಾಗದ ಅಂಟಿಸಿಟ್ಟಿದ್ದೆ.

ಯಮನಪ್ಪ ಆ ಕಾಗದವನ್ನು ಕಿತ್ತ. ಹಬ್ಬಕ್ಕೆ ಪೆಟ್ಟಿಗೆ ತೊಳೆಯುವಾಗ ಅಂಟಿದ ಕಾಗದ ಯಾರಿಗೆ ಚೆಂದ? ಸೋಪು ಹಾಕಿ ಉಜ್ಜಿದ. ಹಳದಿ ಕಪ್ಪು ಚಿಹ್ನೆ ಹೊಸ ನಾಣ್ಯದ ಹಾಗೆ ಹೊಳೆಯಿತು. ಅದರ ಮೇಲೆ ವಿಭೂತಿಯ ಮೂರು ಪಟ್ಟೆ ಎಳೆದು, ನಡುವೆ ಕುಂಕುಮವಿಟ್ಟು, ಹಾರ ಹಾಕಿ ಜೀಪಿನ ಹಿಂದೆ ಕೂರಿಸಿದ. ನಮ್ಮ ಪೂಜೆ ಮುಗಿದ ಮೇಲೆ ಎಲ್ಲರೂ ಗಾಡಿಗಳನ್ನು ದೇವಸ್ಥಾನದ ಸುತ್ತ ಒಂದು ಸುತ್ತು ಹಾಕಿಸುವುದು ರೂಢಿ. ಯಮನಪ್ಪ ಜೀಪಿನ ಡ್ರೈವರನ್ನು ಒಪ್ಪಿಸಿ, ಸುತ್ತಿನ ನಡುವೆ ವಠಾರದ ಮುಂದೆ ನಿಲ್ಲಿಸಿದ. ತನಗೆ ಅನ್ನ ಕೊಟ್ಟ ಪೆಟ್ಟಿಗೆಗೆ ಹೆಂಡತಿಯ ಕೈಯಿಂದ ಒಂದು ಆರತಿ ಆಗಲಿ ಎಂಬುದು ಅವನ ಆಸೆ. ಇದನ್ನು ಅವನೇ ನನಗೆ ಹೇಳಿದ್ದು. ನಮ್ಮ ಕಸುಬಿನವನಲ್ಲದೆ ಬೇರೆ ಯಾರೂ ಮಾಡಲಾರದ ತಪ್ಪು ಇದು: ಆ ಪೆಟ್ಟಿಗೆಯಲ್ಲಿ ಏನೂ ಇಲ್ಲವೆಂದು ಅವನಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ, ಬೇರೆಯವರಿಗೆ ಗೊತ್ತಿರಲಾರದು ಎಂಬುದೇ ಹೊಳೆಯಲಿಲ್ಲ.

ಮಲ್ಲವ್ವ ಆರತಿ ಎತ್ತಿದಳು. ಯಾರೋ ಮೊಬೈಲಿನಲ್ಲಿ ಫೋಟೋ ತೆಗೆದರು. ಆ ಫೋಟೋ ಎಲ್ಲೆಲ್ಲಿ ಸುತ್ತಿತೋ ನಾನು ಕಂಡಿಲ್ಲ. ನಾನು ಕಂಡದ್ದು ಕಚೇರಿಯ ಟೀವಿಯ ಮೇಲೆ ಓಡುತ್ತಿದ್ದ ಪಟ್ಟಿ: ‘ದೊಡ್ಡನೆಕ್ಕುಂದಿಯಲ್ಲಿ ಡರ್ಟಿ ಬಾಂಬ್?’ ಕೊನೆಗೊಂದು ಪ್ರಶ್ನೆಯ ಗುರುತು. ಚಾನೆಲ್ಲಿನವರ ಸೀಟ್ ಬೆಲ್ಟ್ ಅದು.

ನಾನು ಓಡಿಹೋದಾಗ ವಠಾರದ ಮುಂದಿನ ಬೀದಿ ಖಾಲಿ, ಎಲ್ಲ ಮಾಳಿಗೆಗಳೂ ಭರ್ತಿ. ಬಾಂಬ್ ಸಿಡಿಯುವುದಾದರೆ ಮೇಲಿನಿಂದ ಚೆನ್ನಾಗಿ ಕಾಣುತ್ತದಲ್ಲ. ಪೊಲೀಸರು ಜೀಪಿನ ಸುತ್ತ ಮರಳಿನ ಚೀಲ ಪೇರಿಸಿದ್ದರು. ಯಮನಪ್ಪ ಇನ್ಸ್‌ಪೆಕ್ಟರ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಹಣೆಯ ವಿಭೂತಿ ಬೆವರಿಗೆ ಕರಗುತ್ತಿತ್ತು.

“ಸರ್, ಖಾಲಿ ಡಬ್ಬಿ ಐತ್ರಿ ಅದು. ನೀವಾರ ಹೇಳ್ರಿ ಇವರಿಗೆ” ಎಂದ.

ಇನ್ಸ್‌ಪೆಕ್ಟರು, “ನೀವೇನಾ ಇದರ ಮಾಲೀಕರು? ಸಿಡಿಯುತ್ತಾ ಇದು?” ಎಂದರು.

“ಇಲ್ಲ ಸಾರ್. ಅದರಲ್ಲಿ ಏನೂ ಇಲ್ಲ.”

“ಏನೂ ಇಲ್ಲ ಅಂತೀರಿ, ಅಷ್ಟು ದೊಡ್ಡ ಬೀಗ ಯಾಕಿದೆ?”

ಬೀಗ ತೆಗೆದೆ. ಮುಚ್ಚಳ ಎತ್ತಿದೆ. ಏನೂ ಇಲ್ಲವೆಂಬ ನನ್ನ ಮಾತು ಅಲ್ಲೇ ಸುಳ್ಳಾಯಿತು. ಒಳಗೆ ಕಾಗದದ ಪೊಟ್ಟಣದಲ್ಲಿ ಕಡ್ಲೆಪುರಿ ಇತ್ತು, ಮೇಲೊಂದು ನಿಂಬೆಹಣ್ಣು.

“ಹಬ್ಬದ ದಿನ ಖಾಲಿ ಇಡಬಾರದಲ್ರಿ” ಎಂದ ಯಮನಪ್ಪ, ಮೆಲ್ಲಗೆ.

ಇನ್ಸ್‌ಪೆಕ್ಟರು ಬಹಳ ಹೊತ್ತು ನಿಂಬೆಹಣ್ಣನ್ನೇ ನೋಡಿದರು. ಆಮೇಲೆ ಅವರ ಮೀಸೆ ಅಲುಗಾಡಿತು. ನಗು ಎಂದು ನನ್ನ ಊಹೆ. ಸಂಜೆಯೊಳಗೆ ಯಮನಪ್ಪನನ್ನು ಬಿಟ್ಟುಕಳಿಸಿದರು. ಚಾನೆಲ್ಲಿನವರು ಅಷ್ಟರಲ್ಲೇ ಯಾವುದೋ ಫ್ಲೈಓವರಿನ ಬಿರುಕಿನ ಕಡೆ ಹೊರಟುಹೋಗಿದ್ದರು. ನಿಂಬೆಹಣ್ಣು ಸುದ್ದಿಯಾಗಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಿವೃತ್ತಿಯ ಸಮಾರಂಭದಲ್ಲಿ ಹೇಳಿ ನಗಿಸುವ ಕಥೆಯಾಗುತ್ತಿತ್ತು.

ಮರುದಿನ ಯಮನಪ್ಪ ಕೆಲಸಕ್ಕೆ ಬಂದು ಹೇಳಿದ: ಮುಂದಿನ ಸಲ ಕಾವೇರಿ ನೀರು ಬಿಡುವುದರೊಳಗೆ ರೂಮು ಖಾಲಿ ಮಾಡಬೇಕೆಂದು ಜಯಮ್ಮ ಹೇಳಿದ್ದಾರೆ. ಬೇರೆ ರೂಮು ಕೇಳಲು ಹೋದಲ್ಲೆಲ್ಲ ಅವನಿಗಿಂತ ಮುಂಚೆ ಟೀವಿ ತಲುಪಿತ್ತು. “ಡರ್ಟಿ ಬಾಂಬ್ ಮನೆಯವ್ರಾ?” ಎಂದು ಕೇಳಿ ಬಾಗಿಲು ಹಾಕಿದ್ದರು. ನಾನು ಅವನ ಜೊತೆ ವಠಾರಕ್ಕೆ ಹೋದೆ. ಅಲ್ಲಿ ಕಂಡದ್ದನ್ನು ಕಂಡ ಹಾಗೇ ಬರೆಯುತ್ತೇನೆ. ಅಂಗಳದಲ್ಲಿ ವಠಾರಕ್ಕೆಲ್ಲ ಸೇರಿ ಒಂದೇ ನಲ್ಲಿ. ಅದರ ಕೆಳಗಿನ ಕಟ್ಟೆಯ ಮೇಲೆ ಮಲ್ಲವ್ವನ ಪ್ಲಾಸ್ಟಿಕ್ ಕೊಡ ಇತ್ತು. ಒಬ್ಬ ಹೆಂಗಸು ಬಂದಳು. ಕೊಡವನ್ನು ಕೈಯಿಂದ ಮುಟ್ಟಲಿಲ್ಲ. ಪೊರಕೆಯ ತುದಿಯಿಂದ ಮೆಲ್ಲಗೆ ತಳ್ಳಿ ಕೆಳಕ್ಕೆ ಬೀಳಿಸಿದಳು. ಆಮೇಲೆ ಆ ಕಟ್ಟೆಗೆ ಎರಡು ಚೊಂಬು ನೀರು ಸುರಿದು, ತನ್ನ ಕೊಡ ಇಟ್ಟಳು. ಮಲ್ಲವ್ವ ಬಾಗಿಲಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತು ನೋಡುತ್ತಿದ್ದಳು.

ಆ ಹೆಂಗಸು ಯಾವುದೇ ವಿಜ್ಞಾನ ಓದಿರಲಿಲ್ಲ. ಆದರೆ ಕೊಳೆ ತಾಗಿದ ಜಾಗವನ್ನು ಹೇಗೆ ತೊಳೆಯಬೇಕು, ತಾಗಿದವರನ್ನು ಎಷ್ಟು ದೂರ ಇಡಬೇಕು ಎಂಬುದು ಅವಳ ಕೈಗೆ ಮೊದಲೇ ಗೊತ್ತಿತ್ತು. ಮಡಿ ಮೈಲಿಗೆ ಎಂದು ನಾವು ತಲೆಮಾರುಗಳಿಂದ ರೂಢಿ ಮಾಡಿಕೊಂಡದ್ದು ಅದೇ ಅಲ್ಲವೇ? ಎಲ್ಲಿಂದಲೋ ಬಂದ ಒಂದು ಇಂಗ್ಲಿಷ್ ಮಾತು ನಮ್ಮಲ್ಲಿ ಮೊದಲೇ ಸಿದ್ಧವಾಗಿದ್ದ ಜಾಗದಲ್ಲಿ ಬಂದು ಕೂತಿತ್ತು.

ಕಚೇರಿಗೆ ಬಂದು ನಮ್ಮ ಮ್ಯಾನೇಜರ್ ಪ್ರಹ್ಲಾದರಿಗೆ ಹೇಳಿದೆ. ಒಳ್ಳೆಯ ಮನುಷ್ಯ, ಏನಾದರೂ ಮಾಡೋಣವೆಂದು ತಕ್ಷಣ ಎದ್ದು ನಿಲ್ಲುವವರು. ಯೋಚನೆ ಮಾತ್ರ ಸ್ವಲ್ಪ ತಡವಾಗಿ ಎದ್ದು ನಿಲ್ಲುತ್ತಿತ್ತು.

“ಸಿಂಪಲ್ ಕಣ್ರೀ ಮೂರ್ತಿ. ಮೀಟರ್ ತಗೊಂಡು ಹೋಗೋಣ. ಎಲ್ರ ಮುಂದೆ ಅವರ ಮನೆ ಚೆಕ್ ಮಾಡಿ ತೋರ್ಸೋಣ. ಸೈನ್ಸ್ ಮುಂದೆ ಯಾರ್ ಮಾತಾಡ್ತಾರೆ?”

“ಸಾರ್, ಅದು ಸದ್ದು ಮಾಡುತ್ತೆ.”

“ಮಾಡ್ಲಿ ರೀ! ಸೌಂಡ್ ಜಾಸ್ತಿ ಇಡಿ, ಹಿಂದೆ ನಿಂತೋರಿಗೂ ಕೇಳ್ಬೇಕು.”

ನಮ್ಮ ಮೀಟರು ಎಲ್ಲಿಟ್ಟರೂ ಟಿಕ್ ಟಿಕ್ ಎನ್ನುತ್ತದೆ. ಮಣ್ಣಿನಲ್ಲಿ, ಕಲ್ಲಿನಲ್ಲಿ, ಆಕಾಶದಿಂದ ಬರುವುದರಲ್ಲಿ, ಎಲ್ಲೆಲ್ಲೂ ಒಂದಿಷ್ಟು ಕಿರಣ ಇದ್ದೇ ಇರುತ್ತದೆ. ಬೆಂಗಳೂರಿನ ಕಗ್ಗಲ್ಲಿನ ಮೇಲಂತೂ ಇನ್ನಷ್ಟು. ನಮಗೆ ಆ ಸದ್ದು ಗೋಡೆ ಗಡಿಯಾರದ ಸದ್ದಿದ್ದ ಹಾಗೆ. ಇದನ್ನು ನಾನು ಇನ್ನೂ ವಿವರಿಸುತ್ತಿದ್ದೆ, ಪ್ರಹ್ಲಾದರು ಕಾರು ಹತ್ತಿಯಾಗಿತ್ತು.

ವಠಾರದ ಅಂಗಳದಲ್ಲಿ ಎಲ್ಲರೂ ಸೇರಿದರು. ಪ್ರಹ್ಲಾದರು ಚಿಕ್ಕ ಭಾಷಣ ಮಾಡಿದರು. “ಈಗ ನೋಡಿ, ನಿಮ್ಮ ಕಣ್ಣ ಮುಂದೇನೆ ಪರೀಕ್ಷೆ!” ಎಂದು ನನ್ನ ಕೈಯಿಂದ ಮೀಟರು ತೆಗೆದುಕೊಂಡು ಮಲ್ಲವ್ವನ ಹೊಸ್ತಿಲ ಕಲ್ಲಿನ ಮೇಲೆ ಹಿಡಿದರು.

ಟಿಕ್. ಟಿಕ್ ಟಿಕ್. ಟಿಕ್.

ಕಂಪನಿ ಕ್ಯಾಬ್ ಓಡಿಸುವ ನಾಗರಾಜು ಪಕ್ಕದ ರೂಮಿನವನು, ವಠಾರದಲ್ಲೇ ದೊಡ್ಡ ಗಂಟಲು. “ಕೇಳುಸ್ತಾ? ಕೇಳುಸ್ತಾ ಗುರು? ಕೂಗ್ತಾ ಐತೆ!” ಎಂದ. ಹೆಂಗಸರು ಮಕ್ಕಳನ್ನು ಎಳೆದುಕೊಂಡರು.

“ಅದು ಬ್ಯಾಕ್‌ಗ್ರೌಂಡ್ ಕಣ್ರೀ! ನಾರ್ಮಲ್! ಎಲ್ಲಾ ಕಡೆ ಇರುತ್ತೆ!” ಎಂದರು ಪ್ರಹ್ಲಾದರು.

“ಎಲ್ಲಾ ಕಡೆ ಅಂಟೈತಂತೆ!” ಎಂದ ನಾಗರಾಜು.

“ಮೂರ್ತಿ, ಸೌಂಡ್ ಆಫ್ ಮಾಡ್ರೀ!” ಆಫ್ ಮಾಡಿದೆ. “ನೋಡುದ್ರಾ, ಈಗ ಮುಚ್ಚಾಕ್ತಾವ್ರೆ” ಎಂದ ನಾಗರಾಜು. ಅಂಗಳ ಖಾಲಿಯಾಯಿತು. ಓಡುವವರ ಕಾಲಿಗೆ ಸಿಕ್ಕಿ ಯಾರದೋ ರಾಗಿ ಮೊರ ಮಗುಚಿಬಿತ್ತು. ಪ್ರಹ್ಲಾದರು ಕಾರಿನಲ್ಲಿ ಹಿಂದಿರುಗುವಾಗ, “ಸೈನ್ಸ್ ಸರಿಯಾಗೇ ಇತ್ತು ಅಲ್ವಾ?” ಎಂದು ಕೇಳಿದರು. ಇತ್ತು ಎಂದೆ.

ನೀರು ಬಿಡುವ ದಿನ ಬಂತು. ಬೆಳಿಗ್ಗೆ ನಾನೊಬ್ಬನೇ ಹೋದೆ, ಬರಿಗೈಯಲ್ಲಿ. ಯಮನಪ್ಪ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದ. ಸ್ಟೌವು, ಒಂದು ಹಾಸಿಗೆಯ ಸುರುಳಿ ಆಗಲೇ ಅಂಗಳದಲ್ಲಿದ್ದವು. ಎಲ್ಲಿಗೆ ಎಂದು ಕೇಳಿದೆ. “ಇನ್ನಾ ಗೊತ್ತಿಲ್ರಿ” ಎಂದ. ಮಲ್ಲವ್ವ ಹಾಸಿಗೆಯ ಸುರುಳಿಯ ಮೇಲೆ ಕೂತಿದ್ದಳು. ನಲ್ಲಿಯ ಮುಂದೆ ವಠಾರದ ಕೊಡಗಳ ಸಾಲು, ಅವುಗಳ ಹಿಂದೆ ಅವುಗಳ ಒಡತಿಯರು. ಜಯಮ್ಮ ತಮ್ಮ ಮೆಟ್ಟಿಲ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ದೊಡ್ಡನೆಕ್ಕುಂದಿ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದವರು.

“ಬನ್ನಿ ಸಾರ್. ಟಿಕ್ ಟಿಕ್ ತಂದಿಲ್ವಾ?” ಎಂದರು.

“ಇಲ್ಲಮ್ಮ. ಮಾತಾಡೋಣ ಅಂತ ಬಂದೆ.”

“ಏನ್ ಮಾತಾಡ್ತೀರಾ. ನನಗೇನ್ ಇವ್ರ ಮ್ಯಾಲೆ ದ್ವೇಸವಾ? ವಠಾರ್ದಾಗೆ ಮಕ್ಳು ಮರಿ ಅವ್ರೆ. ಅದ್ಯಾವ್ದೋ ಡಲ್ಟಿ ಬಾಂಬು ಅಂತಾರೆ. ಅಂಗಂದ್ರೆ ಏನು, ಒಸಿ ಬಿಡಿಸಿ ಯೋಳಿ ನೋಡಾನ.”

ಡೆನ್ಜಿಲ್ ಸಾರ್ ಹೇಳಿದ ಖಾರದ ಪುಡಿಯ ಡಬ್ಬಿಯ ಉದಾಹರಣೆಯನ್ನೇ ಹೇಳಿದೆ. ಜಯಮ್ಮ ತಲೆದೂಗಿ ಕೇಳಿದರು. ಕೊನೆಗೆ, “ಅಂಗಾದ್ರೆ ಇವ್ನು ದಿನಾ ಖಾರದ ಪುಡಿ ಡಬ್ಬಿ ತಾವ ಕೆಲ್ಸ ಮಾಡ್ತಾನೆ. ಬಟ್ಟೆಗೆ ಒಸಿ ಆದ್ರೂ ಅಂಟಿ ಬರಾಕಿಲ್ವಾ?” ಎಂದರು.

“ಇಲ್ಲಮ್ಮ, ನಮ್ಮದು ಪುಡಿಯಲ್ಲ. ಮುಚ್ಚಿದ ಗುಳಿಗೆ. ಅದರಿಂದ ಬರೋದು ಕಿರಣ ಮಾತ್ರ. ಅದು ಬಟ್ಟೆಗೆ ಅಂಟಲ್ಲ.”

“ಈವಾಗ್ತಾನೆ ಅಂಟ್ತದೆ ಅಂದ್ರಿ.”

“ಅದು ಬಾಂಬಿನ ವಿಷಯ ಅಮ್ಮ.”

“ನಾನೂ ಬಾಂಬಿನ ಇಸ್ಯಾನೇ ಕೇಳಿದ್ದು.”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನು ಬೆವರು ಒರೆಸಿಕೊಂಡೆ. ಅಷ್ಟು ವರ್ಷ ಎಷ್ಟೋ ತರಬೇತಿ ಕೊಟ್ಟವನಿಗೆ ಆ ಮೆಟ್ಟಿಲ ಮುಂದೆ ಒಂದು ಸರಿಯಾದ ವಾಕ್ಯ ಬರಲಿಲ್ಲ. ಪುಡಿಯೇ ಬೇರೆ, ಕಿರಣವೇ ಬೇರೆ. ಒಂದು ಅಂಟುತ್ತದೆ, ಇನ್ನೊಂದು ಹಾದುಹೋಗುತ್ತದೆ. ಇದಿಷ್ಟೇ ಹೇಳಬೇಕಾದದ್ದು. “ಬಿಸಿಲಿದ್ದ ಹಾಗೆ ಅಮ್ಮ. ಬಿಸಿಲಲ್ಲಿ ಜಾಸ್ತಿ ನಿಂತರೆ ನಿಂತವನಿಗೆ ತೊಂದರೆ. ಅದಕ್ಕೇ ನಾವು ದೂರ ನಿಲ್ಲೋದು. ಆದರೆ ಅವನು ಮನೆಗೆ ಬಂದಾಗ…” ಎಂದು ತಡವರಿಸಿದೆ.

ಹಾಸಿಗೆಯ ಸುರುಳಿಯ ಮೇಲಿಂದ ಮಲ್ಲವ್ವ ಮೊದಲ ಬಾರಿಗೆ ಬಾಯಿಬಿಟ್ಟಳು. ಅಷ್ಟು ದಿನದ ಸಿಟ್ಟೆಲ್ಲ ಅದರಲ್ಲಿತ್ತು.

“ಅಕ್ಕಾರ, ಮನ್ನಿ ಮಾಳಗಿ ಮ್ಯಾಲೆ ಸಂಡಿಗಿ ಒಣಾಕಿದ್ರಿ. ನಾನ ಕಾಗಿ ಕಾಯ್ದೆ. ಕರದು ತಿಂದ್ರಲ್ಲಾ, ಬಾಯಾಗ ಬಿಸಿಲು ಬಂತೇನ್ರಿ?”

ಜಯಮ್ಮ ಅಗಿಯುವುದನ್ನು ನಿಲ್ಲಿಸಿದರು.

“ಇಷ್ಟೇ ಏನಮ್ಮಿ?”

“ಇಷ್ಟ ಅಂತ ನನ್ನ ಗಂಡ ಹೇಳ್ಯಾನ. ನಾ ದಿನಾ ಆ ಮನಶ್ಯಾನ ಬಾಜೂಕ ಮಲಗತೀನಿ. ಹೊಟ್ಯಾಗ ಕೂಸೈತಿ. ಅಂಜೂದಿದ್ರ ನಾ ಮೊದಲ ಅಂಜಬೇಕಲ್ರಿ, ನೀವ್ಯಾಕ?”

ಜಯಮ್ಮ ನನ್ನ ಕಡೆ ನೋಡಿದರು. “ದಿಟವಾ ಸಾರ್?”

“ದಿಟ” ಎಂದೆ. ಅದಕ್ಕಿಂತ ಹೆಚ್ಚು ಹೇಳುವಷ್ಟು ಬುದ್ಧಿಗೇಡಿ ನಾನಾಗಲಿಲ್ಲ.

ಆಗಲೇ ನಲ್ಲಿ ಕೆಮ್ಮಿತು. ಗಾಳಿ ಬಂತು, ಕೆಂಪು ನೀರು ಬಂತು, ಆಮೇಲೆ ತಿಳಿಯಾಯಿತು. ಜಯಮ್ಮ ಎದ್ದು ಸಾಲಿನ ತಲೆಗೆ ಹೋದರು. ಅಲ್ಲಿದ್ದ ಮೊದಲ ಕೊಡವನ್ನು ಪಕ್ಕಕ್ಕೆ ಸರಿಸಿದರು. ಯಮನಪ್ಪನ ಸಾಮಾನಿನ ರಾಶಿಯಿಂದ ಪ್ಲಾಸ್ಟಿಕ್ ಕೊಡವನ್ನು ಕೈಯಲ್ಲೇ ಎತ್ತಿ ತಂದು ನಲ್ಲಿಯ ಕೆಳಗಿಟ್ಟರು.

“ನಲ್ಲಿ ನಂದು. ಇವ್ಳದು ಮೊದ್ಲು. ಆಮ್ಯಾಕೆ ಯಾರ್ಗೆ ಬೇಕೋ ಅವ್ರು ಇಡ್ಕೊಳ್ಳಿ, ಬ್ಯಾಡ್ದೋರು ಟ್ಯಾಂಕರ್ ತರಿಸ್ಕೊಳ್ಳಿ.”

ಕೊಡ ತುಂಬಿತು. ಯಮನಪ್ಪ ಓಡಿಬಂದು ಅದನ್ನು ಎತ್ತಿಕೊಂಡ. ಎರಡನೆಯ ಕೊಡ ಇಡಲು ಯಾರೂ ಮುಂದೆ ಬರಲಿಲ್ಲ. ನೀರು ಬರಿದೇ ಕಟ್ಟೆಯ ಮೇಲೆ ಸುರಿಯತೊಡಗಿತು. ನಾನು ಮುಖಗಳನ್ನು ನೋಡಿದೆ. ಭಯವಿತ್ತು, ಸಂಕೋಚವಿತ್ತು. ನೀರು ಸುರಿಯುತ್ತಿತ್ತು. ಪೊರಕೆಯಿಂದ ಕೊಡ ತಳ್ಳಿದ್ದ ಹೆಂಗಸು ಮೋರಿಗೆ ಹರಿದುಹೋಗುವ ನೀರನ್ನೇ ನೋಡುತ್ತಿದ್ದಳು. ಕಾವೇರಿ ನೀರು ಯಾವ ಕ್ಷಣದಲ್ಲಿ ನಿಲ್ಲುತ್ತದೆಂದು ಆ ಕಡೆ ಯಾರೂ ಹೇಳಲಾರರು. ನಿಂತರೆ ಮತ್ತೆ ಬರುವುದು ಯಾವಾಗಲೋ.

“ಲೇ, ವೇಸ್ಟ್ ಆಯ್ತೈತೆ ಕಣ್ರಲೇ!” ಎಂದು ಹಿಂದಿನಿಂದ ನಾಗರಾಜು ಕೂಗಿದ. ಎರಡೂ ಕೈಯಲ್ಲಿ ಬಕೆಟ್ ಹಿಡಿದು ನುಗ್ಗಿಬಂದು ಒಂದನ್ನು ನಲ್ಲಿಯ ಕೆಳಗೆ ತುರುಕಿದ.

“ಏಯ್, ಲೈನಲ್ಲಿ ಬಾ ಕಣಯ್ಯಾ!” ಎಂದಳು ಪೊರಕೆಯ ಹೆಂಗಸು, ಅವನ ಬಕೆಟನ್ನು ಬರಿಗೈಯಲ್ಲಿ ತಳ್ಳಿ. “ಆ ಹುಡ್ಗಿ ಆದ್ಮೇಲೆ ನಂದು.”